ವೇಕ್ಲಿಯ ಬೆನ್ನು

ಸೆಪ್ಟೆಂಬರ್ 15, 1987

ಪ್ರೀತಿಯ ಅಪ್ಪನಿಗೆ,

ನಿನ್ನ ಮಗನ ಎಂಟನೆಯ ಫುಟ್‌ಬಾಲ್ ಹಂಗಾಮು ಶುರುವಾಯಿತು. ಭಾನುವಾರ ಮೊದಲ ಪಂದ್ಯ. ನಾನು ಏನು ಮಾಡಿದೆ ಅಂತ ಕೇಳಿದರೆ, ನಿಂತೆ. ತಲೆಗೆ ಟೊಪ್ಪಿ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಕಾಗದ ಸಿಕ್ಕಿಸಿದ ರಟ್ಟು. ವೇಕ್ಲಿ ಚೆಂಡು ಎಸೆದ, ಅವನು ಎಸೆದದ್ದನ್ನು ನಾನು ಬರೆದುಕೊಂಡೆ. ಹುಡುಗರು ನನಗೆ ಮೇಷ್ಟ್ರು ಅಂತ ಹೆಸರಿಟ್ಟಿದ್ದಾರೆ. ಯಾರಾದರೂ ತಪ್ಪು ಮಾಡಿ ಬಂದರೆ ಕೈ ಮುಂದೆ ಚಾಚಿ, "ಹೊಡೀರಿ ಮೇಷ್ಟ್ರೇ" ಅನ್ನುತ್ತಾರೆ. ನಗುತ್ತೇನೆ. ಏನು ಮಾಡಲಿ?

ವೇಕ್ಲಿ ಗೊತ್ತಲ್ಲ, ಕ್ಯಾಲಿಫೋರ್ನಿಯಾದವನು, ಹಲ್ಲುಜ್ಜುವ ಪೇಸ್ಟಿನ ಜಾಹೀರಾತಿನಲ್ಲಿ ಬರುವವನು. ನಮ್ಮ ತಂಡದಲ್ಲಿ ಚೆಂಡು ಎಸೆಯುವ ಮೊದಲ ಕ್ವಾರ್ಟರ್‌ಬ್ಯಾಕ್. ಎರಡನೆಯವನು ನಾನು. ಎರಡನೆಯವನು ಮೊದಲನೆಯವನಾಗಬೇಕಾದರೆ ಮೊದಲನೆಯವನು ಬೀಳಬೇಕು. ಅವನು ಬೀಳುವುದಿಲ್ಲ, ಯಾಕೆಂದರೆ ಪೂಲರ್ ಬೀಳಿಸಲು ಬಿಡುವುದಿಲ್ಲ. ಇದನ್ನು ಪರಾಸ್ಕ ಅತ್ತೆಗೂ ಓದಿ ಹೇಳು. ಕಳೆದ ಸಲ ಫೋನಿನಲ್ಲಿ, "ಆ ದಪ್ಪ ದಪ್ಪದವರೆಲ್ಲ ಚೆಂಡೇ ಮುಟ್ಟದೆ ಯಾಕೋ ನೂಕಾಡ್ತಾರೆ?" ಅಂತ ಕೇಳಿದ್ದಳು. ಅತ್ತೇ, ಬಲಗೈಯಲ್ಲಿ ಎಸೆಯುವವನಿಗೆ ತನ್ನ ಎಡಗಡೆ ಬೆನ್ನ ಹಿಂದಿನಿಂದ ಯಾರು ಬರುತ್ತಾರೆ ಅಂತ ಕಾಣುವುದಿಲ್ಲ. ಆ ಕಡೆ ಬಾಗಿಲ ಹಾಗೆ ನಿಲ್ಲುವವನೇ ಪೂಲರ್. ಅಲಬಾಮಾದ ಕೋಳಿ ಫಾರಂನಿಂದ ಬಂದವನು. ಅವನು ಇರುವವರೆಗೆ ವೇಕ್ಲಿ ಹಲ್ಲು ತೋರಿಸಿಕೊಂಡು ಓಡಾಡಬಹುದು.

ಅಪ್ಪಾ, ನಾನು ಬಯಸಿದ್ದು ದೊಡ್ಡದೇನಲ್ಲ. ಒಂದು ಪಂದ್ಯ. ಮೊದಲ ಆಟದಿಂದ ನಾನು. ಮೈಕಿನಲ್ಲಿ ಹೆಸರು ಕೂಗಿ, ಮೈದಾನಕ್ಕೆ ಬರುವ ಸುರಂಗದ ಬಾಯಿಂದ ನಾನು ಓಡಿ ಹೊರಗೆ ಬರಬೇಕು. ಒಂದೇ ಸಲ. ಆಮೇಲೆ ರಟ್ಟು ಹಿಡಿ ಅಂದರೆ ಸಾಯುವವರೆಗೆ ಹಿಡಿಯುತ್ತೇನೆ.

ಮುಂದಿನ ವಾರ ಆಟಗಾರರ ಮುಷ್ಕರ ಅನ್ನುತ್ತಿದ್ದಾರೆ. ಕರಾರು ಮುಗಿದವನು ಬೇಕಾದ ತಂಡಕ್ಕೆ ಹೋಗಬಹುದು ಅನ್ನುವ ಹಕ್ಕಿಗಾಗಿ. ನಿನಗೆ ಫೋನು ಕೇಳಿಸುವುದಿಲ್ಲ, ಅತ್ತೆಗೆ ಹೇಳಿದರೆ ಊರಿಗೇ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮಗ,
ಎಮಿಲ್


ಹಾರ್ನಿಕ್ ಹಾಲೊ, ಪೆನ್ಸಿಲ್ವೇನಿಯಾ
ಸೆಪ್ಟೆಂಬರ್ 24, 1987

ಮಗ ಎಮಿಲ್‌ಗೆ,

ಮುಷ್ಕರ ಶುರುವಾಯಿತಂತೆ. ಒಳ್ಳೆಯದು. ಬೂಟಿನೊಳಗೆ ಪತ್ರಿಕೆಯ ಹಾಳೆ ಮಡಚಿ ಹಾಕಿಕೋ. ಗೇಟಿನ ಮುಂದೆ ನಿಲ್ಲುವವನಿಗೆ ಮೊದಲು ಸೋಲುವುದು ಪಾದ, ಆಮೇಲೆ ಬಾಯಿ. ಗಣಿಯ ಗೇಟಿನಲ್ಲಿ ನಾನು ಕಲಿತದ್ದು ಇದೊಂದೇ.

ಭಾನುವಾರ ನಮ್ಮ ಕ್ಲಬ್ಬಿಗೆ ಹೋಗಿದ್ದೆ. ಮಾಡಿನ ಮೇಲೆ ಟಿವಿಯ ದೊಡ್ಡ ತಟ್ಟೆ ಆಂಟೆನಾ ಹಾಕಿಸಿದ ಮೇಲೆ ನಿಮ್ಮ ಪಂದ್ಯವೂ ಇಲ್ಲಿ ಕಾಣುತ್ತದೆ. ಟಿವಿಯವನು ಕೋಚಿನ ಮುಖ ತೋರಿಸಿದಾಗ ಪಕ್ಕದಲ್ಲಿ ಒಂದು ಮೊಣಕೈ ಕಾಣಿಸಿತು. "ಅದು ನನ್ನ ಮಗ" ಅಂದೆ. ಬಿಯರ್ ಸುರಿಯುವ ಗಸ್ ನನ್ನ ಕಿವಿಗೇ ಬಾಯಿಟ್ಟು ಕೂಗಿದ: "ವಸಿಲಣ್ಣಾ, ನಿನ್ನ ಮಗ ಟೊಪ್ಪಿ ಭಾಳ ಚೆನ್ನಾಗಿ ಹಾಕ್ಕೋತಾನೆ ಕಣಣ್ಣ! ಟೊಪ್ಪೀಗೂ ಸಂಬಳ ಕೊಡ್ತಾರೇನು?" ಎಲ್ಲರೂ ಮೇಜು ಕುಟ್ಟಿ ನಕ್ಕರು. ಕಿವುಡನಾದ್ದರಿಂದ ನನಗೆ ಇಂಥದ್ದೆಲ್ಲ ಕೇಳಿಸಬಾರದು. ಬೇರೆ ಏನೂ ಕೇಳಿಸುವುದಿಲ್ಲ, ಇಂಥದ್ದು ಮಾತ್ರ ಸರಿಯಾಗಿ ಕೇಳಿಸುತ್ತದೆ.

ನಿನ್ನ ಕೋಚಿಗೆ ಕಣ್ಣಿಲ್ಲ. ಶಾಲೆಯ ಮೈದಾನದಲ್ಲಿ ನೀನು ಎಸೆದ ಚೆಂಡನ್ನು ನಾನು ನೋಡಿದ್ದೇನೆ. ಕಲ್ಲಿದ್ದಲ ಬೂದಿ ಹಾಸಿದ ಆ ಮೈದಾನದ ಈ ತುದಿಯಿಂದ ಆ ತುದಿಗೆ, ಗಾಳಿಗೆ ಎದುರಾಗಿ. ವೇಕ್ಲಿಗೆ ಅದು ಬರುತ್ತದೆಯೇ? ಸಿಟ್ಟು ಬರುತ್ತದೆ. ಬರೆದರೆ ಇಳಿಯುತ್ತದೆ ಅಂತ ಅಂದುಕೊಂಡೆ. ಇಳಿಯಲಿಲ್ಲ.

ಇಂತಿ,
ಅಪ್ಪ

ಎಮಿಲಾ, ಇದು ಪರಾಸ್ಕ ಅತ್ತೆ ಬರೆಯುತ್ತಿರುವುದು. ನಿನ್ನ ಅಪ್ಪ ಕ್ಲಬ್ಬಿನಿಂದ ಬಂದು ಊಟ ಮಾಡದೆ ಮಲಗಿದ. ಆ ದಪ್ಪದವರ ವಿಷಯ ಈಗ ಅರ್ಥವಾಯಿತು. ಆ ಪೂಲರನಿಗೆ ಮದುವೆಯಾಗಿದೆಯೇ? ಚರ್ಚಿನಲ್ಲಿ ಶುಕ್ರವಾರ ಪಿರೋಹಿ ಕಡುಬು ಮಾಡುವಾಗ ಹೆಂಗಸರು ಕೇಳಿದರು.


ಸೆಪ್ಟೆಂಬರ್ 30, 1987

ಅಪ್ಪನಿಗೆ,

ಇದನ್ನು ಕೂತು ಓದು.

ನಿನ್ನೆ ಕೋಚು ಮನೆಗೆ ಫೋನು ಮಾಡಿದ್ದರು. ಮುಷ್ಕರ ಇದ್ದರೂ ಮಾಲೀಕರು ಪಂದ್ಯ ನಿಲ್ಲಿಸುವುದಿಲ್ಲವಂತೆ, ಸಿಕ್ಕಿದವರನ್ನು ಕೂಡಿಸಿ ಆಡಿಸುತ್ತಾರಂತೆ. "ಎಮಿಲ್, ನೋಡಪ್ಪಾ," ಅಂದರು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಅಪರೂಪ. "ಈಗ ನನ್ನ ಹತ್ರ ಚೆಂಡು ಎಸೆಯೋಕೆ ಇರೋನು ಮೊನ್ನೆವರೆಗೂ ಒಂದು ಶಾಲೇಲಿ ಡ್ರಿಲ್ ಮಾಸ್ಟರು. ನಮ್ಮ ಆಟಗಳ ಹೆಸರು ಕೂಡ ಗೊತ್ತಿಲ್ಲ ಅವನಿಗೆ. ನಿನಗೆ ಎಲ್ಲಾ ಬಾಯಿಪಾಠ. ಈ ವಾರ ಆಗದಿದ್ರೆ ಮುಂದಿನ ವಾರ ಬಾ. ಬಂದ ದಿನದಿಂದ ಮೊದಲನೇ ಆಟಕ್ಕೆ ನೀನೇ."

ಎಂಟು ವರ್ಷ ಕಾದ ಮಾತು. ಬಂದದ್ದು ನೋಡು ಹೇಗೆ! ಗೇಟಿನ ಹೊರಗೆ ಪೂಲರ್, ಮತ್ತೆ ಅವನ ಜೊತೆ ಅಡ್ಡ ನಿಲ್ಲುವ ಸಾಲಿನ ಹುಡುಗರೆಲ್ಲ ಹಲಗೆ ಹಿಡಿದು ನಿಂತಿದ್ದಾರೆ. ಅವರ ನಡುವಿನಿಂದ ನಾನು ಒಳಗೆ ನಡೆದುಹೋಗಬೇಕು. ಹೋದರೆ ಹೆಸರು ಕೂಗುತ್ತಾರೆ, ಸುರಂಗದಿಂದ ಓಡುತ್ತೇನೆ, ನೀನು ಕ್ಲಬ್ಬಿನಲ್ಲಿ ನೋಡುತ್ತೀಯ. ಗಸ್ಸಿನ ಬಾಯಿ ಮುಚ್ಚುತ್ತದೆ.

ನನಗೆ ಮೂವತ್ತಾಯಿತು. ಭುಜ ಬೆಳಿಗ್ಗೆ ಏಳುವಾಗ ನೋಯುತ್ತದೆ. ಆಡದೆಯೇ ನೋಯುತ್ತದೆ, ನಗು ಬೇಕಿದ್ದರೆ. ಇನ್ನೊಂದು ಸಲ ಯಾರೂ ಹೀಗೆ ಕರೆಯುವುದಿಲ್ಲ.

ನೀನು ಹೋಗು ಅಂದರೆ ಹೋಗುತ್ತೇನೆ. ಬೇಡ ಅಂದರೆ ಬಿಡುತ್ತೇನೆ. ಒಂದೇ ಪದ ಬರೆ, ಸಾಕು.

ಎಮಿಲ್


ಹಾರ್ನಿಕ್ ಹಾಲೊ
ಅಕ್ಟೋಬರ್ 3, 1987

ಮಗ ಎಮಿಲ್‌ಗೆ,

ಒಂದೇ ಪದ ಬರೆ ಅಂದೆ. ಬರುತ್ತಿಲ್ಲ. ಬದಲಿಗೆ ಒಂದು ಸಂಗತಿ ಹೇಳುತ್ತೇನೆ. ನೀನಿನ್ನೂ ಹುಟ್ಟಿರಲಿಲ್ಲ.

ನಮ್ಮ ಗಣಿಯಲ್ಲಿ ಮೆತ್ರೊ ಲೆಶ್ಕೊ ಅಂತ ಒಬ್ಬನಿದ್ದ. ದೊಡ್ಡ ಮುಷ್ಕರದಲ್ಲಿ ಎಲ್ಲರೂ ಹೊರಗಿದ್ದಾಗ ಅವನು ಗೇಟು ದಾಟಿ ಕೆಲಸಕ್ಕೆ ಹೋದ. ಮುಷ್ಕರ ಮುಗಿದು ನಾವೆಲ್ಲ ವಾಪಸು ಹೋದಾಗ ಅವನೂ ಇದ್ದ. ಅವನ ಜೊತೆ ಯಾರೂ ಮಾತಾಡಲಿಲ್ಲ. ಚರ್ಚಿನಲ್ಲಿ ಅವನು ಕೂತ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಅವನ ಹೆಂಡತಿ ಮಡಚಿದ ಪಿರೋಹಿಯನ್ನು ನಮ್ಮ ಹೆಂಗಸರು ಬೇರೆ ಪಾತ್ರೆಗೆ ಹಾಕುತ್ತಿದ್ದರು. ನಾನೂ ಅವನಿದ್ದ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ.

ಇದು ಮೇಲಿನ ಮಾತು. ಕೆಳಗೆ ಬೇರೆ.

ಒಂದು ದಿನ ಕೆಳಗೆ ಅವನೂ ನಾನೂ ಕಲ್ಲಿದ್ದಲು ಕಡಿಯುವ ಒಂದೇ ಮುಖದಲ್ಲಿ ಕೆಲಸ ಮಾಡುತ್ತಿದ್ದೆವು. ಆಗ ನನಗೆ ಕಿವಿ ಚೆನ್ನಾಗಿತ್ತು. ಅವನ ತಲೆಯ ಮೇಲಿನ ಚಾವಣಿ ಕಟಕಟ ಅಂತ ಸದ್ದು ಮಾಡಲು ಶುರುಮಾಡಿತು. ಅವನು ಗುದ್ದಲಿ ಹಾಕುತ್ತಿದ್ದ, ಅವನಿಗೆ ಕೇಳಿಸಲಿಲ್ಲ. ನಾನು ಸುಮ್ಮನಿದ್ದಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಚಾವಣಿ ಬಿತ್ತು ಅನ್ನುತ್ತಿದ್ದರು, ಅಷ್ಟೇ. ನಾನು ಓಡಿಹೋಗಿ ಅವನ ತಲೆಯ ಮೇಲೆ ಆಸರೆಯ ಮರ ಕೊಟ್ಟೆ. ಬೆಣೆ ಹೊಡೆದೆ. ನನಗಿಂತ ಮೊದಲು ಅವನನ್ನು ಹೊರಗೆ ನೂಕಿದೆ. ನಮ್ಮಲ್ಲಿ ಯಾರಾದರೂ ಅದನ್ನೇ ಮಾಡುತ್ತಿದ್ದರು. ಕೆಳಗೆ ಹೋದ ಮೇಲೆ ಮನುಷ್ಯನ ತಲೆಯ ಮೇಲಿನ ಚಾವಣಿ ಎಲ್ಲರದು.

ಮೇಲೆ ಬಂದಾಗ ಸ್ನಾನದ ಮನೆಯಲ್ಲಿ ಅವನು, "ವಸಿಲ್, ದೇವರು ನಿನ್ನನ್ನ ಚೆನ್ನಾಗಿ ಇಟ್ಟಿರ್ಲಿ" ಅಂದ. ನಾನು ಉತ್ತರ ಕೊಡಲಿಲ್ಲ. ಬಟ್ಟೆ ಹಾಕಿಕೊಂಡು ಮನೆಗೆ ಬಂದೆ. ಅವನು ಸತ್ತಾಗ ಹೆಣಕ್ಕೂ ಹೋಗಲಿಲ್ಲ.

ಇಷ್ಟೇ ಸಂಗತಿ. ನಿನಗೆ ಮೂವತ್ತಾಯಿತು, ನಿನ್ನ ಭುಜ, ನಿನ್ನ ಗೇಟು. ನೀನು ಒಳಗೆ ಹೋದರೆ ಆ ಭಾನುವಾರ ನಾನು ಕ್ಲಬ್ಬಿಗೆ ಹೋಗುವುದಿಲ್ಲ. ಮನೆಯಲ್ಲೇ ಇರುತ್ತೇನೆ. ಟಿವಿ ಹಾಕುತ್ತೇನೋ ಇಲ್ಲವೋ, ಅದು ನನಗೇ ಗೊತ್ತಿಲ್ಲ.

ಇಂತಿ,
ಅಪ್ಪ


ಅಕ್ಟೋಬರ್ 12, 1987

ಅಪ್ಪನಿಗೆ,

ಹೋಗಲಿಲ್ಲ. ನೀನು ಬೇಡ ಅನ್ನಲಿಲ್ಲ, ಸರಿ. ಹಾಗಂತ ಬೇರೇನು ಅಂದೆ ನೀನು?

ಗೇಟಿನ ಮುಂದೆ ನಿಂತಿದ್ದೇನೆ. ಬೂಟಿನಲ್ಲಿ ಪತ್ರಿಕೆ ಹಾಕಿಕೊಂಡಿದ್ದೇನೆ. ನಿನ್ನೆ ಪಂದ್ಯಕ್ಕೆ ಬಂದ ಒಬ್ಬ ಪ್ರೇಕ್ಷಕ ಕಾರಿನಿಂದ ತಲೆ ಹೊರಗೆ ಹಾಕಿ, "ಲೇ ಟೊಪ್ಪಿ! ಒಳಗಿದ್ರೂ ನಿಂತೇ ಇರ್ತೀಯ, ಹೊರಗಿದ್ರೂ ನಿಂತೇ ಇರ್ತೀಯ, ಕೂರೋದ್ಯಾವಾಗ್ಲೋ?" ಅಂದ. ಪೂಲರ್ ನಕ್ಕು ನಕ್ಕು ಹಲಗೆಯನ್ನೇ ಬೀಳಿಸಿದ.

ಆಮೇಲೆ ನಗು ನಿಂತಿತು. ವೇಕ್ಲಿಯ ಕಾರು ಬಂತು. ಅವನು ಗುರುವಾರವೇ ಒಳಗೆ ಹೋಗಿದ್ದಾನೆ ಅಂತ ಸುದ್ದಿಯಿತ್ತು, ಕಣ್ಣಾರೆ ಕಂಡದ್ದು ನಿನ್ನೆ. ಪೂಲರ್ ಹೋಗಿ ಕಾರಿನ ಮುಂದೆ ನಿಂತು ಬಾನೆಟ್ಟಿನ ಮೇಲೆ ಎರಡೂ ಕೈ ಇಟ್ಟ. ವೇಕ್ಲಿ ಗಾಜು ಇಳಿಸಿದ. "ಹೆಂಡ್ತಿ ಮನೆ ಕಟ್ಟಿಸ್ತಿದ್ದಾಳೆ ಕಣ್ರೋ, ನಾನೇನ್ ಮಾಡ್ಲಿ? ಹೀಗೆ ನಿಂತ್ರೆ ನಿಮಗೇನು ಸಿಗುತ್ತೆ ಹೇಳಿ" ಅಂದ. ಪೂಲರ್, "ನಿನ್ನ ಬೆನ್ನು ಯಾರು ಕಾಯೋದು, ಮನೆ ಕಟ್ಟೋ ಮೇಸ್ತ್ರೀನಾ?" ಅಂತ ಕೇಳಿದ. ಪೊಲೀಸಿನವನು ಬಂದು ಪೂಲರನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಕಾರು ಒಳಗೆ ಹೋಯಿತು.

ಮೊದಲನೆಯವನೇ ಒಳಗೆ ಹೋದ ಮೇಲೆ ಕೋಚಿಗೆ ನಾನು ಯಾಕೆ ಬೇಕು? ಫೋನು ನಿಂತಿತು. ನಾನು ಬಿಟ್ಟ ಜಾಗಕ್ಕೆ ಅವನು ಬಂದು ನಿಂತ. ಒಳಗಿನಿಂದ ಜನ ಕೂಗುವ ಸದ್ದು ಹೊರಗೆ ಚೆನ್ನಾಗಿ ಕೇಳಿಸುತ್ತದೆ, ಅಪ್ಪಾ. ಗೋಡೆ ಅಷ್ಟೇನೂ ದಪ್ಪವಿಲ್ಲ.

ಎಮಿಲ್


ಅಕ್ಟೋಬರ್ 29, 1987

ಅಪ್ಪನಿಗೆ,

ಈ ಪತ್ರ ಅತ್ತೆಯ ಕೈಗೆ ಸಿಗದಂತೆ ನೋಡಿಕೋ.

ಮುಷ್ಕರ ಮುಗಿದದ್ದು ನಿನಗೆ ಗೊತ್ತು. ಕೇಳಿದ್ದು ಒಂದೂ ಸಿಗಲಿಲ್ಲ. ತಲೆ ತಗ್ಗಿಸಿಕೊಂಡು ಒಳಗೆ ಹೋದೆವು. ವೇಕ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರಿಗೂ, "ಬನ್ನಿ ಬನ್ನಿ, ಆದದ್ದಾಯ್ತು" ಅಂದ, ನಾವೇನೋ ಅವನ ಮನೆಗೆ ತಡವಾಗಿ ಬಂದ ನೆಂಟರು ಅನ್ನುವಂತೆ. ಅಷ್ಟಾದರೂ ತಡೆದುಕೊಳ್ಳುತ್ತಿದ್ದರು. ಮಂಗಳವಾರ ಅವನು ಟಿವಿಯಲ್ಲಿ ಕೂತು, ಹೊರಗೆ ನಿಂತವರದು ದಡ್ಡತನ, ಈಗ ಅವರಿಗೂ ಬುದ್ಧಿ ಬಂದಿದೆ ಅಂತ ನಕ್ಕ.

ಇವತ್ತು ಅಭ್ಯಾಸ ಮುಗಿಸಿ ನಾನು ಕಾಲಿನ ಪಟ್ಟಿ ಬಿಚ್ಚುತ್ತಿದ್ದೆ. ಪೂಲರ್ ಬಂದು ಪಕ್ಕದಲ್ಲಿ ಕೂತ. ಬೆಂಚು ನನ್ನ ಕಡೆ ಎದ್ದಿತು.

"ಮೇಷ್ಟ್ರೇ, ಭಾನುವಾರ ಸ್ವಲ್ಪ ಬೇಗನೇ ಮೈ ಬಿಸಿ ಮಾಡ್ಕೊಂಡಿರಿ."

"ಯಾಕೋ?"

"ಹುಲ್ಲು ಜಾರುತ್ತಂತೆ. ಮೊದಲರ್ಧ ಮುಗಿಯೋದ್ರೊಳಗೆ ನನ್ನ ಕಾಲು ಒಂದು ಸಲ ಜಾರಬಹುದು. ಒಂದೇ ಸಲ. ಯಾರಿಗೆ ತಾನೆ ಜಾರಲ್ಲ?"

ನನ್ನ ತೊಡೆ ತಟ್ಟಿ ಎದ್ದುಹೋದ. ಸಾಲಿನ ಉಳಿದವರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಎಲ್ಲರಿಗೂ ಗೊತ್ತು.

ಭಾನುವಾರ ಎದುರು ತಂಡದಲ್ಲಿ ಆ ಕಡೆಯಿಂದ ಬರುವವನು ಯಾರು ಅಂತ ನಿನಗೆ ಗೊತ್ತು. ಕಳೆದ ವರ್ಷ ಒಬ್ಬನ ಮಂಡಿ ಹಿಂದುಮುಂದಾದದ್ದನ್ನು ಕ್ಲಬ್ಬಿನಲ್ಲಿ ನೋಡಿ, ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು ಅಂತ ಬರೆದಿದ್ದೆಯಲ್ಲ, ಅದನ್ನು ಮಾಡಿದವನೇ. ಪೂಲರ್ ಬಾಗಿಲು ತೆಗೆದರೆ ವೇಕ್ಲಿಗೆ ಅವನು ಬರುವುದೇ ಕಾಣುವುದಿಲ್ಲ. ಆಮೇಲೆ ವೇಕ್ಲಿ ಈ ವರ್ಷ ಆಡುವುದಿಲ್ಲ. ಮುಂದಿನ ವರ್ಷವೂ ಆಡುತ್ತಾನೋ ಇಲ್ಲವೋ. ಅದರ ಮುಂದಿನ ಭಾನುವಾರ ಮೈಕಿನಲ್ಲಿ ಕೂಗುವ ಹೆಸರು ನನ್ನದು.

ನಾನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಎಂಟು ವರ್ಷ ಸುಮ್ಮನಿರುವುದನ್ನೇ ಕಲಿತಿದ್ದೇನೆ.

ಇದು ನಿನ್ನ ಕೈಗೆ ಸಿಗುವಷ್ಟರಲ್ಲಿ ಭಾನುವಾರ ಕಳೆದಿರುತ್ತದೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಈ ಸಲ ನಿನ್ನನ್ನು ಕೇಳುತ್ತಿಲ್ಲ.

ಎಮಿಲ್


ಹಾರ್ನಿಕ್ ಹಾಲೊ
ನವೆಂಬರ್ 1, 1987, ಭಾನುವಾರ ಸಂಜೆ

ಎಮಿಲ್‌ಗೆ,

ಈಗಷ್ಟೇ ಕ್ಲಬ್ಬಿನಿಂದ ಬಂದೆ. ಕೋಟು ಕೂಡ ತೆಗೆದಿಲ್ಲ. ಸಿಟ್ಟಿಗೆ ಪೆನ್ನು ಕಾಗದ ಹರಿಯುತ್ತಿದೆ.

ನಿಮ್ಮ ಪೂಲರ್ ಎಂಥ ಮನುಷ್ಯ? ಗೇಟಿನಲ್ಲಿ ಕಾರಿನ ಮುಂದೆ ನಿಂತವನು ಇವನೇ ಏನು? ಇಡೀ ಮಧ್ಯಾಹ್ನ ನೋಡಿದೆ. ಆ ದೈತ್ಯನನ್ನು ವೇಕ್ಲಿಯ ಬೆರಳು ಮುಟ್ಟಲೂ ಬಿಡಲಿಲ್ಲ. ಎತ್ತಿ ಎತ್ತಿ ಹಾಕಿದ. ಯಾರಿಗಾಗಿ? ಗೇಟು ದಾಟಿದವನಿಗಾಗಿ! ನಿಮ್ಮನ್ನು ದಡ್ಡರು ಅಂದವನಿಗಾಗಿ! ವೇಕ್ಲಿ ಮಡಿಕೆ ಕೆಡದ ಅಂಗಿಯಲ್ಲಿ ನಿಂತು ಚೆಂಡು ಎಸೆದದ್ದೇ ಎಸೆದದ್ದು. ಟಿವಿಯವನು ಹೊಗಳಿದ್ದೇ ಹೊಗಳಿದ್ದು.

ನಾನು ಕ್ಲಬ್ಬಿನಲ್ಲಿ ಎದ್ದು ನಿಂತು ಕೂಗಿದೆ: "ಬಿಡ್ರೋ ಅವನನ್ನ! ಒಂದು ಸಲ ಬಿಡ್ರೋ! ಬೀಳ್ಲಿ ಅವನು!" ನಾನು ಎಷ್ಟು ಜೋರಾಗಿ ಕೂಗುತ್ತೇನೆ ಅಂತ ನನಗೆ ಗೊತ್ತಾಗುವುದಿಲ್ಲವಲ್ಲ. ಎಲ್ಲರೂ ಟಿವಿ ಬಿಟ್ಟು ನನ್ನನ್ನೇ ನೋಡಿದರು. ಗಸ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ಅವನು ಈ ಸಲ ತಮಾಷೆ ಮಾಡಲಿಲ್ಲ. ಅದು ಇನ್ನೂ ಕೆಟ್ಟದ್ದು.

ಕುರಿಗಳು ನಿಮ್ಮ ಸಾಲಿನವರು. ಕುರಿಗಳು. ನನ್ನ ಮಗನಿಗೆ ದಾರಿ ಬಿಡುವಷ್ಟು ಮರ್ಯಾದೆ ಒಬ್ಬನಿಗೂ ಇಲ್ಲವಾಯಿತು.

ಅಪ್ಪ


ನವೆಂಬರ್ 5, 1987

ಅಪ್ಪಾ,

ನಿನ್ನ ಪತ್ರ ನಿನ್ನೆ ಬಂತು. ನಿಂತೇ ಓದಿದೆ. ಓದಿ ಗೋಡೆಗೆ ಗುದ್ದಿದೆ, ಎಸೆಯುವ ಕೈಯಿಂದಲೇ. ಅದಕ್ಕೆ ಈಗ ಬೇರೇನೂ ಕೆಲಸವಿಲ್ಲ.

ಕುರಿಗಳಂತೆ! ಕೇಳು ಹಾಗಾದರೆ.

ಶನಿವಾರ ಬೆಳಿಗ್ಗೆ ಪೂಲರ್ ಪಾದಕ್ಕೆ ಪಟ್ಟಿ ಸುತ್ತಿಸಿಕೊಳ್ಳುತ್ತಾ ಮೇಜಿನ ಮೇಲೆ ಮಲಗಿದ್ದ. ಸುತ್ತುವವನು ಹೊರಗೆ ಹೋದಾಗ ನಾನು ಹೋಗಿ ಪಕ್ಕದಲ್ಲಿ ನಿಂತೆ. ವೇಕ್ಲಿಗೆ ಹೇಳಿದರೆ, ನನ್ನ ಜಾಗಕ್ಕಾಗಿ ಹೆದರಿಸುತ್ತಿದ್ದೀಯ ಅನ್ನುತ್ತಿದ್ದ. ಕೋಚಿಗೆ ಹೇಳಿದರೆ ಪೂಲರನ ಕೆಲಸ ಹೋಗುತ್ತಿತ್ತು. ಉಳಿದದ್ದು ಪೂಲರ್ ಒಬ್ಬನೇ.

"ಕಾಲು ಜಾರಿಸಬೇಡ ಕಣೋ" ಅಂದೆ.

ಅವನು ಮೊದಲು ತಮಾಷೆ ಅಂದುಕೊಂಡ. "ಮೇಷ್ಟ್ರಿಗೆ ಹೆದರಿಕೆಯಾಯ್ತಾ? ಆಡೋದು ಮರ್ತೋಯ್ತಾ?"

"ಅವನ ಜೊತೆ ಮಾತಾಡಬೇಡ. ಅವನ ಮೇಜಿಗೆ ಊಟಕ್ಕೆ ಕೂರಬೇಡ. ಅವನು ಕೈ ಚಾಚಿದ್ರೆ ಆ ಕಡೆ ನೋಡು, ನಾನೂ ನೋಡ್ತೀನಿ. ಆದ್ರೆ ಚೆಂಡು ಅವನ ಕೈಗೆ ಬಂದ ಮೇಲೆ ಅವನ ಬೆನ್ನು ನಿಂದು."

"ಯಾರು ಹೇಳಿದ್ದು ನಿನಗೆ ಇದನ್ನ?"

ನಿನ್ನ ಹೆಸರು ಹೇಳಿದೆ. ಮೆತ್ರೊ ಲೆಶ್ಕೊನ ಸಂಗತಿ ಪೂರ್ತಿ ಹೇಳಿದೆ, ಚಾವಣಿ, ಆಸರೆಯ ಮರ, ಬೆಣೆ ಎಲ್ಲಾ. ಪೂಲರ್ ಎದ್ದು ಕೂತ.

"ನಿಮ್ಮಪ್ಪ ಗಣಿಯೋರು. ನಾನು ಕೋಳಿ ಸಾಕಿದೋನು. ನಮ್ಮಲ್ಲಿ ಒಂದು ಕೋಳಿ ಕೆಟ್ಟರೆ ಉಳಿದ ಕೋಳಿಗಳೇ ಕುಕ್ಕಿ ಮುಗಿಸ್ತವೆ. ನಾವ್ಯಾರೂ ಹೋಗಿ ಅಡ್ಡ ನಿಲ್ಲಲ್ಲ." ಆಮೇಲೆ ಅವನ ಮುಖ ಕೆಂಪಾಯಿತು. "ನಿನಗೋಸ್ಕರ ಕಣೋ ಇದು! ಯಾರಿಗೋಸ್ಕರ ಅಂದ್ಕೊಂಡೆ? ಎಂಟು ವರ್ಷದಿಂದ ನೋಡ್ತಾ ಇದೀವಿ ನಿನ್ನ. ಗೇಟಿನ ಹೊರಗೆ ನಮ್ಮ ಜೊತೆ ನಿಂತೆ, ಆ ಜಾಗ ಬಿಟ್ಟು ನಿಂತೆ. ಒಳ್ಳೇದು ಮಾಡೋಣ ಅಂದ್ರೆ ಪಾದ್ರಿ ಥರ ಮಾತಾಡ್ತೀಯಾ?"

"ಆ ಜಾಗಕ್ಕೆ ಹೀಗೆ ಬಂದ್ರೆ ನನ್ನ ಬೆನ್ನ ಹಿಂದೇನೂ ನೀನೇ ನಿಂತಿರ್ತೀಯ. ಪ್ರತಿ ಸಲ ಚೆಂಡು ಹಿಡಿದಾಗ ನಿನ್ನ ಕಾಲು ನೋಡ್ಬೇಕಾಗುತ್ತೆ ನಾನು" ಅಂದೆ.

ಅವನು ಮತ್ತೆ ಮೇಜಿನ ಮೇಲೆ ಮಲಗಿದ. "ಹೋಗೋ ಆಚೆ" ಅಂದ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಮೇಷ್ಟ್ರೇ ಅನ್ನುವುದೂ ಇಲ್ಲ.

ಭಾನುವಾರ ನೀನು ನೋಡಿದ್ದು ಅದು. ಅವನು ಆ ದೈತ್ಯನನ್ನು ಎತ್ತಿ ಹಾಕಿದಾಗಲೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದ. ಅದು ಟಿವಿಯಲ್ಲಿ ಕಾಣಿಸಲಿಲ್ಲ ಅಂತ ಕಾಣುತ್ತದೆ. ಪಂದ್ಯ ಮುಗಿದ ಮೇಲೆ ವೇಕ್ಲಿ ನನ್ನ ಬೆನ್ನು ತಟ್ಟಿ, "ನೋಡ್ದಾ, ಕೊನೆಗೂ ಹುಡುಗ್ರು ನನ್ನ ಕ್ಷಮಿಸಿಬಿಟ್ರು" ಅಂದ. ಅವನ ಹಲ್ಲು ನೋಡಿಕೊಂಡು ನಿಂತೆ.

ಈಗ ಹೇಳು, ಬೀಳಲಿ ಅಂತ ಕೂಗಿದೆಯಂತೆ. ಮೆತ್ರೊ ಲೆಶ್ಕೊನ ತಲೆಯ ಮೇಲೆ ಮರ ಕೊಟ್ಟವನೇ ಕೂಗಿದ್ದೇನು? ಹಾಗಾದರೆ ಆ ಸಂಗತಿ ನನಗೆ ಯಾಕೆ ಬರೆದೆ?

ಎಮಿಲ್


ಹಾರ್ನಿಕ್ ಹಾಲೊ
ನವೆಂಬರ್ 9, 1987

ಮಗ ಎಮಿಲ್‌ಗೆ,

ನೀನು ಪಂದ್ಯಕ್ಕೆ ಮುಂಚಿನ ಗುರುವಾರ ಬರೆದದ್ದು ಕಳೆದ ಸೋಮವಾರವೇ ಬಂದಿತ್ತು. ಅಷ್ಟರಲ್ಲಿ ನನ್ನ ಭಾನುವಾರದ ಪತ್ರ ಅಂಚೆಪೆಟ್ಟಿಗೆಯೊಳಗೆ ಬಿದ್ದಾಗಿತ್ತು. ಅಂಚೆ ಕಚೇರಿಗೆ ಹೋಗಿ ವಾಪಸು ಕೊಡಿ ಅಂತ ಕೇಳಿದೆ. ಚೀಲ ಹೋಯಿತು ಅಂದರು. ಆಮೇಲೆ ನಿನ್ನ ಇನ್ನೊಂದು ಪತ್ರ ಬಂತು.

ನೀನು ಮಾಡಿದ್ದು ಸರಿ. ಇಷ್ಟು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಸರಿ ಅಂತ ಬರೆದ ಮೇಲೂ ಸಿಟ್ಟು ಹೋಗಿಲ್ಲ. ಪೂಲರನನ್ನು ಕುರಿ ಅಂದದ್ದಕ್ಕೆ ನನ್ನ ಪರವಾಗಿ ತಪ್ಪಾಯಿತು ಅನ್ನು. ಮಾತಾಡುವುದಿಲ್ಲ ಅಂದೆಯಲ್ಲ, ಮಾತಾಡಿದಾಗ ಅನ್ನು.

ಇಂತಿ,
ಅಪ್ಪ

ಎಮಿಲಾ, ನಾನು ಆ ಪತ್ರ ಓದಿಲ್ಲ. ಆದರೆ ನೀನು ಪೂಲರನ ಕಾಲಿನ ವಿಷಯದಲ್ಲಿ ಮಾಡಿದ್ದು ನನಗೆ ಸರಿ ಕಾಣಿಸಿತು. ಚರ್ಚಿನಲ್ಲೂ ಎಲ್ಲರೂ ಹಾಗೇ ಅಂದರು. ಅತ್ತೆ.


ಡಿಸೆಂಬರ್ 29, 1987

ಅಪ್ಪನಿಗೆ,

ಹಂಗಾಮು ಮುಗಿಯಿತು. ನಿನ್ನೆ ಕೋಚಿನ ಸಹಾಯಕ ಬಂದು, "ಸರ್ ಕರೀತಿದ್ದಾರೆ, ಆಟದ ಪುಸ್ತಕಾನೂ ತಗೊಂಬನ್ನಿ" ಅಂದ. ಪುಸ್ತಕ ತಗೊಂಬಾ ಅಂದರೆ ಕೆಲಸ ಹೋಯಿತು ಅಂತ, ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಕೋಚು ಕಿಟಕಿಯ ಕಡೆ ನೋಡಿಕೊಂಡು ಮಾತಾಡಿದರು. ವೇಕ್ಲಿಗೆ ಹೊಸ ಕರಾರು ಬರೆದಿದ್ದಾರಂತೆ, ಆ ಡ್ರಿಲ್ ಮಾಸ್ಟರನನ್ನು ಎರಡನೆಯವನಾಗಿ ಇಟ್ಟುಕೊಳ್ಳುತ್ತಾರಂತೆ. "ನಾನು ಕರೆದಾಗ ನೀನು ಬರಲಿಲ್ಲ, ಅವನು ಬಂದ" ಅಂದರು. ಬೇರೆ ತಂಡಗಳಿಗೆ ಫೋನು ಮಾಡಿದೆ. ಒಂದು ಪಂದ್ಯವನ್ನೂ ಮೊದಲ ಆಟದಿಂದ ಆಡದ ಮೂವತ್ತರವನು ಯಾರಿಗೂ ಬೇಡ.

ಇಲ್ಲೊಂದು ಪದ್ಧತಿಯಿದೆ, ಕ್ರಿಸ್ಮಸ್ಸಿಗೆ ಕ್ವಾರ್ಟರ್‌ಬ್ಯಾಕ್ ತನ್ನ ಸಾಲಿನವರಿಗೆಲ್ಲ ಉಡುಗೊರೆ ಕೊಡಬೇಕು. ವೇಕ್ಲಿ ಐವರಿಗೂ ಚರ್ಮದ ಕೋಟು ತಂದು ಅವರವರ ಕಪಾಟಿನ ಮುಂದೆ ಇಟ್ಟಿದ್ದ. ಒಬ್ಬನೂ ಪೆಟ್ಟಿಗೆ ಬಿಚ್ಚಲಿಲ್ಲ. ದಾಟಿಕೊಂಡು ಓಡಾಡಿದರು. ಮರುದಿನ ನೆಲ ಒರೆಸುವ ಮುದುಕ ಪೂಲರನ ಅಳತೆಯ ಕೋಟು ಹಾಕಿಕೊಂಡು ಬಂದಿದ್ದ, ನೆಲದವರೆಗೆ ಇಳಿಬಿದ್ದಿತ್ತು. ವೇಕ್ಲಿಗೆ ಆಗ ಅರ್ಥವಾಯಿತೋ ಏನೋ, ಅಂದಿನಿಂದ ಹಲ್ಲು ತೋರಿಸುವುದು ಕಡಿಮೆಯಾಗಿದೆ.

ನಾನು ಕಪಾಟು ಖಾಲಿ ಮಾಡಿ ಹೊರಟಾಗ ಪೂಲರ್ ಬಂದು ನನ್ನ ಪೆಟ್ಟಿಗೆ ಕಿತ್ತುಕೊಂಡು ಕಾರಿನವರೆಗೆ ಹೊತ್ತು ತಂದ. ಆವತ್ತಿನಿಂದ ಆಡಿದ ಮೊದಲ ಮಾತು: "ಬರೀ ಪುಸ್ತಕಾನೇ ತುಂಬ್ಕೊಂಡಿದ್ದೀರಲ್ಲ, ಮೇಷ್ಟ್ರೇ." ಕುರಿ ಅಂದದ್ದಕ್ಕೆ ನಿನ್ನ ಪರವಾಗಿ ತಪ್ಪಾಯಿತು ಅಂದೆ. "ಕುರಿನಾ?" ಅಂತ ಬಹಳ ಹೊತ್ತು ನಕ್ಕ. ಆಮೇಲೆ ನಗಲಿಲ್ಲ.

ಅಪ್ಪಾ, ಒಂದು ಕೇಳುತ್ತೇನೆ. ಸರಿ ತಪ್ಪು ಬೇಡ, ಅದನ್ನು ಬರೆದಿದ್ದೀಯ. ಆ ಶನಿವಾರ ನಾನು ಬಾಯಿ ಮುಚ್ಚಿಕೊಂಡಿದ್ದರೆ ನಿನಗೆ ಸಂತೋಷವಾಗುತ್ತಿತ್ತೇ? ನಿಜ ಹೇಳು.

ಎಮಿಲ್


ಹಾರ್ನಿಕ್ ಹಾಲೊ
ಜನವರಿ 2, 1988

ಮಗ ಎಮಿಲ್‌ಗೆ,

ಆಗುತ್ತಿತ್ತು.

ಅವನು ಬಿದ್ದ ಕೂಡಲೇ ಕ್ಲಬ್ಬಿನಲ್ಲಿ ಎಲ್ಲರಿಗೂ ಬಿಯರ್ ಕೊಡಿಸುತ್ತಿದ್ದೆ. ಮುಂದಿನ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ನಿನ್ನ ಹೆಸರು ಕೂಗಿದ್ದು ನನಗೆ ಕೇಳಿಸುತ್ತಿರಲಿಲ್ಲ, ಗಸ್ಸಿಗೆ ಕಿವಿಯಲ್ಲಿ ಕೂಗಿ ಹೇಳು ಅನ್ನುತ್ತಿದ್ದೆ. ಈ ನೋಯುವ ಮಂಡಿಯಲ್ಲೇ ಕುಣಿಯುತ್ತಿದ್ದೆ. ಅಷ್ಟರಲ್ಲಿ ನಿನ್ನ ಪತ್ರ ಬಂದು ಎಲ್ಲ ತಿಳಿದಿರುತ್ತಿತ್ತಲ್ಲ? ತಿಳಿದೂ ಕುಣಿಯುತ್ತಿದ್ದೆ, ಎಮಿಲ್. ಅದೇ ನನ್ನನ್ನು ಈಗ ತಿನ್ನುತ್ತಿರುವುದು. ನೀನು ಅದನ್ನು ನೋಡುವ ಹಾಗೆ ಆಗಲಿಲ್ಲ.

ಬುಧವಾರ ನಮ್ಮ ಚರ್ಚಿನ ಹಳೇ ಪಂಚಾಂಗದ ಕ್ರಿಸ್ಮಸ್ಸಿನ ಹಿಂದಿನ ಸಂಜೆಯ ಊಟ. ಇಷ್ಟು ವರ್ಷ ನೀನು ಯಾವುದಾದರೊಂದು ಮೈದಾನದ ಅಂಚಿನಲ್ಲಿ ನಿಂತಿರುತ್ತಿದ್ದೆ. ಈ ಸಲ ಬಾ. ನಿನ್ನ ಅತ್ತೆ ಅಣಬೆ ನೆನೆಹಾಕಿದ್ದಾಳೆ. ಬೆಟ್ಟ ಇಳಿಯುವ ಕಡೆ ಮಂಜುಗಡ್ಡೆ ಇದೆ, ನಿಧಾನವಾಗಿ ಓಡಿಸು.

ನನಗೆ ಇನ್ನೂ ಸಿಟ್ಟಿದೆ. ಯಾರ ಮೇಲೆ ಅಂತ ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ. ನೀನು ಬಂದರೆ ನಿನ್ನ ಮೇಲೇ ತೋರಿಸುತ್ತೇನೆ, ಹತ್ತಿರದಲ್ಲಿ ಬೇರೆ ಯಾರೂ ಇಲ್ಲ. ನೀನೂ ನನ್ನ ಮೇಲೆ ಕೂಗು. ಜೋರಾಗಿ ಕೂಗು, ನನಗೆ ಕೇಳಿಸಬೇಕು.

ಇಂತಿ,
ಅಪ್ಪ